ಯುಕೆ ಹಳೇ ಮನೆಯ ಫೈರ್‌ಪ್ಲೇಸ್ ನಾವೇ ಕಿತ್ತು ಗೋಡೆ ಸರಿ ಮಾಡ್ಕೋಬಹುದಾ?

ನಿಮ್ಮದು ವಿಕ್ಟೋರಿಯನ್ ಟೆರೇಸ್ ಮನೆ (ರಾಣಿ ವಿಕ್ಟೋರಿಯಾ ಕಾಲದ, ಸಾಲಾಗಿ ಅಂಟಿಕೊಂಡಿರೋ ಮನೆಗಳಲ್ಲಿ ಒಂದು), ಮುಂದಿನ ರೂಮಲ್ಲಿ ಕಂದು ಟೈಲ್ಸ್ ಫೈರ್‌ಪ್ಲೇಸು, ಅದರಲ್ಲಿ ಗ್ಯಾಸ್ ಫೈರು, ಎರಡೂ ತೆಗೆದು ಗೋಡೆ ನೀಟ್ ಮಾಡಿ ಟಿವಿ ಹಾಕ್ಬೇಕು, ಬಿಲ್ಡರ್ ಇಲ್ದೆ ಆಗುತ್ತಾ ಅಂತ ಕೇಳಿದೀರ. ಆಗುತ್ತೆ, ಗ್ಯಾಸ್ ಒಂದು ಬಿಟ್ಟು. ರೆಡಿಂಗ್ ಊರಿನ ನಮ್ಮ ಮನೇಲಿ ಇದೇ ಕೆಲಸ ನಾನೂ ನಮ್ಮ ಭಾವನೂ ಸೇರಿ ಮಾಡಿದ್ವಿ. ಕೀಳೋದು ಅರ್ಧ ದಿನದ ಕೆಲಸ, ಚಿಮಣಿಗೆ ಉಸಿರಾಡೋಕೆ ದಾರಿ ಬಿಟ್ಟು ಮುಚ್ಚೋದ್ರಲ್ಲೇ ಇರೋದು ಎಲ್ಲಾ.

ಗ್ಯಾಸ್ ಮುಟ್ಟೋಕೆ ಗ್ಯಾಸ್ ಸೇಫ್ ರಿಜಿಸ್ಟರ್ಡ್ (ಗ್ಯಾಸ್ ಕೆಲಸಕ್ಕೆ ಅಧಿಕೃತವಾಗಿ ಹೆಸರು ನೋಂದಾಯಿಸಿರೋ) ಇಂಜಿನಿಯರೇ ಬರ್ಬೇಕು, ಅದು ಕಾನೂನು. ಬಂದಾಗ ಪೈಪನ್ನ ಒಲೆ ಜಾಗದಲ್ಲೇ ಕ್ಯಾಪ್ ಮಾಡಿ ಹೋಗೋಕೆ ಬಿಡ್ಬೇಡಿ, ಆಗೋದಾದ್ರೆ ನೆಲದ ಕೆಳಗೆ ಹಿಂದಕ್ಕೆ ಸರಿಸಿ ಮಾಡ್ಸಿ, ಇಲ್ಲಾಂದ್ರೆ ಆ ತುಂಡು ಆಮೇಲೆ ಗೋಡೆ ಕೆಲಸಕ್ಕೆ ಅಡ್ಡ ಬರುತ್ತೆ. ಹಿಂದೆ ಬ್ಯಾಕ್ ಬಾಯ್ಲರ್ (ಫೈರ್ ಹಿಂದೆ ಕೂರಿಸಿರೋ ನೀರು ಕಾಯಿಸೋ ಬಾಯ್ಲರ್) ಏನಾದ್ರೂ ಇದೆಯಾ ಅಂತಲೂ ಅವರ ಹತ್ರಾನೇ ನೋಡಿಸಿ. ಇನ್ನು ಆಸ್ಬೆಸ್ಟಾಸ್, ಅಂದ್ರೆ ಧೂಳು ಉಸಿರಿಗೆ ಹೋದ್ರೆ ಅಪಾಯ ತರೋ ಕಲ್ನಾರು. ಇಲ್ಲಿ ಅದು ಪೂರ್ತಿ ಬ್ಯಾನ್ ಆಗಿದ್ದು 1999ರಲ್ಲಿ, ಹಂಗಾಗಿ ಗ್ಯಾಸ್ ಫೈರ್ ಹಿಂದಿನ ಬೋರ್ಡು, ಸಂದಿಗೆ ತುರುಕಿರೋ ಹಗ್ಗ ಇವನ್ನ ಲ್ಯಾಬಲ್ಲಿ ಟೆಸ್ಟ್ ಮಾಡ್ಸದೆ ಒಡೀಬೇಡಿ. ಮನೆ ಲಿಸ್ಟೆಡ್ ಬಿಲ್ಡಿಂಗ್ (ಹಳೇ ಮಹತ್ವಕ್ಕಾಗಿ ಪಟ್ಟಿಗೆ ಸೇರಿಸಿ ರಕ್ಷಿಸಿರೋ ಕಟ್ಟಡ) ಆಗಿದ್ರೆ ಒಳಗಿನ ಕೆಲಸಕ್ಕೂ ಕೌನ್ಸಿಲ್ ಪರ್ಮಿಶನ್ ಬೇಕು, ಅದನ್ನೂ ಮೊದಲೇ ನೋಡ್ಕೊಳ್ಳಿ.

ಕಂದು ಟೈಲ್ಸ್ ಅಂದ್ರೆ ಅದು ಮನೆ ಜೊತೆ ಬಂದಿದ್ದಲ್ಲ, ಬಹುಶಃ 1930ರಿಂದ 50ರ ಒಳಗೆ ಹಾಕಿದ್ದು, ಟೈಲ್ಸ್ ಹಿಂದೆ ಇಡೀ ಕಾಂಕ್ರೀಟ್ ಇರುತ್ತೆ, ಒಬ್ಬರ ಕೈಲಿ ಆಗೋ ಭಾರ ಅಲ್ಲ. ಎರಡೂ ಪಕ್ಕದ ಪ್ಲಾಸ್ಟರನ್ನ ಎರಡು ಇಂಚು ಕೆತ್ತಿದ್ರೆ ಗೋಡೆಗೆ ಸ್ಕ್ರೂ ಹೊಡೆದಿರೋ ಲೋಹದ ಕಿವಿಗಳು ಸಿಗ್ತವೆ, ಸ್ಕ್ರೂ ತುಕ್ಕು ಹಿಡ್ದಿದ್ರೆ ಗ್ರೈಂಡರಲ್ಲಿ ಕತ್ತರಿಸಿ, ಆದ್ರೆ ಕತ್ತರಿಸೋವಾಗ ಇನ್ನೊಬ್ಬರು ಹಿಡ್ಕೊಂಡೇ ಇರ್ಬೇಕು, ಆ ಕಿವಿ ಬಿಟ್ಟ ತಕ್ಷಣ ಅದು ಮುಂದಕ್ಕೆ ವಾಲುತ್ತೆ. ಒಲೆ ಮುಂದೆ ನೆಲದಲ್ಲಿರೋ ಹಾಸು ಗಾರೆ ಮೇಲೆ ಕೂತಿರುತ್ತೆ, ಹಾರೆ ಹಾಕಿ ಮೀಟಿದ್ರೆ ಏಳುತ್ತೆ. ಹಿಂದೆ ಇಟ್ಟಿಗೆ ಚೂರು, ಮಸಿ, ಹಕ್ಕಿಗೂಡು ಎಲ್ಲಾ ಸಿಗುತ್ತೆ. ಒಳ್ಳೇ ಮಾಸ್ಕ್ ಹಾಕ್ಕೊಳ್ಳಿ, ಬಾಗಿಲಿಗೆ ಪ್ಲಾಸ್ಟಿಕ್ ಶೀಟ್ ಕಟ್ಟಿ. ಗೋಡೆಯಿಂದ ಮುಂದೆ ಬಂದಿರೋ ಚಿಮಣಿ ಬ್ರೆಸ್ಟನ್ನೇ ತೆಗೆದ್ರೆ ರೂಮ್ ದೊಡ್ಡದಾಗುತ್ತಲ್ವಾ ಅನ್ಸುತ್ತೆ, ಮುಟ್ಬೇಡಿ, ಅದರ ಮೇಲೆ ಮಹಡಿ ದಾಟಿ ಸೂರಿನವರೆಗೆ ಇಟ್ಟಿಗೆ ಭಾರ ಕೂತಿದೆ, ಅದಕ್ಕೆ ಸ್ಟ್ರಕ್ಚರಲ್ ಇಂಜಿನಿಯರು, ಕಟ್ಟಡ ನಿಯಮ ನೋಡೋ ಬಿಲ್ಡಿಂಗ್ ಕಂಟ್ರೋಲು, ಪಕ್ಕದ ಮನೆಯವರಿಗೆ ಎರಡು ಮನೆ ನಡುವಿನ ಗೋಡೆಗೆ ಸಂಬಂಧಪಟ್ಟ 1996ರ ಪಾರ್ಟಿ ವಾಲ್ ಆಕ್ಟ್ ಪ್ರಕಾರ ನೋಟೀಸು, ಅದು ಬೇರೇನೇ ಕಥೆ.

ಈಗ ಚಿಮಣಿ ವಿಷಯ. 1952ರ ಲಂಡನ್ ಹೊಗೆಮಂಜು ಆದ್ಮೇಲೆ 1956ರಲ್ಲಿ ಹೊಗೆ ಕಡಿಮೆ ಮಾಡೋ ಕ್ಲೀನ್ ಏರ್ ಆಕ್ಟ್ ಬಂತು, ನಿಧಾನಕ್ಕೆ ಜನ ಗ್ಯಾಸಿಗೆ ಹೋದ್ರು, ಆದ್ರೆ ಅದಕ್ಕೂ ಮುಂಚೆ ಸುಟ್ಟ ಕಲ್ಲಿದ್ದಲಿನ ಮಸಿ ಇಟ್ಟಿಗೆ ಒಳಗೆ ಇಂಗಿದೆ, ಅದರಲ್ಲಿರೋ ಉಪ್ಪು ತೇವ ಎಳೆಯುತ್ತೆ. ನಮಗಿಂತ ಮುಂಚೆ ಇದ್ದವರು ಬೆಡ್‌ರೂಮಿನ ಒಲೆಯನ್ನ ಗಾಳಿ ಆಡದ ಹಾಗೆ ಮುಚ್ಚಿ, ಚಿಮಣಿ ತುದಿಯ ಪಾಟನ್ನ (ಹೊಗೆ ಹೊರಗೆ ಹೋಗೋ ಮಣ್ಣಿನ ಕೊಳವೆ) ಹಂಗೇ ಮಳೆಗೆ ಬಿಟ್ಟಿದ್ರು, ಗೋಡೆ ಮೇಲೆ ಟೀ ಚೆಲ್ಲಿದ ಹಾಗೆ ಕಲೆ, ಎಷ್ಟು ಪೇಂಟ್ ಹೊಡೆದ್ರೂ ಮತ್ತೆ ಬರೋದು. ಅದಕ್ಕೇ ಮುಚ್ಚೋ ಮೊದಲು ಚಿಮಣಿ ಗುಡಿಸೋರನ್ನ ಕರೆಸಿ, ಮೇಲೆ ಮಳೆ ತಡೆದು ಗಾಳಿ ಬಿಡೋ ಕೌಲ್ ಹಾಕ್ಸಿ, ಕೆಳಗೆ ಮುಚ್ಚಿದ ಗೋಡೇಲಿ ಸ್ಕರ್ಟಿಂಗ್ (ಗೋಡೆ ಬುಡದ ಮರದ ಪಟ್ಟಿ) ಮೇಲೆ ಗಾಳಿ ಆಡೋಕೆ ಒಂದು ವೆಂಟ್ ಗ್ರಿಲ್ ಇಡಿ. ಎರಡೂ ಬೇಕು, ಒಂದೇ ಸಾಲಲ್ಲ. ಸೂರಿನ ಮೇಲೆ ಕಾಣೋ ಒಂದೇ ಚಿಮಣಿ ಸ್ಟ್ಯಾಕಲ್ಲಿ ಪಕ್ಕದ ಮನೆ ಪಾಟುಗಳೂ ಇರ್ತವೆ, ಅವರು ಇನ್ನೂ ಬೆಂಕಿ ಹಾಕ್ತಿರಬಹುದು, ನಿಮ್ಮದು ಯಾವುದು ಅಂತ ಗ್ಯಾರಂಟಿ ಮಾಡ್ಕೊಂಡೇ ಕೌಲ್ ಕೂರಿಸಿ.

ಮುಚ್ಚೋಕೆ ಬ್ಲಾಕ್ ಕಟ್ಟಬಹುದು ಇಲ್ಲಾ ಮರದ ಫ್ರೇಮ್ ಮಾಡಿ 12.5 ಎಂಎಂ ಪ್ಲಾಸ್ಟರ್‌ಬೋರ್ಡ್ (ಜಿಪ್ಸಮ್ ಹಲಗೆ) ಹೊಡೀಬಹುದು. ನನಗೆ ಬೋರ್ಡೇ ಇಷ್ಟ, ಮುಂದೆ ಯಾರಿಗಾದ್ರೂ ರೂಮ್ ಬೆಚ್ಚಗಿಡೋ ಸ್ಟವ್ ಹಾಕ್ಬೇಕು ಅನ್ಸಿದ್ರೆ ಸುಲಭವಾಗಿ ತೆಗೀಬಹುದು. ಫ್ರೇಮನ್ನ ಒಳಕ್ಕೆ ಕೂರಿಸಿ, ಬೋರ್ಡ್ ಮುಖ ಹಳೇ ಪ್ಲಾಸ್ಟರಿಗಿಂತ 3 ಎಂಎಂ ಹಿಂದೆ ಇರ್ಲಿ, ಮೇಲೆ ತೆಳು ಪ್ಲಾಸ್ಟರ್ (ಸ್ಕಿಮ್) ಹೊಡೆದಾಗ ಸಮ ಆಗುತ್ತೆ. ಜಾಯಿಂಟಿಗೆ ಬಲೆಯಂಥ ಸ್ಕ್ರಿಮ್ ಟೇಪ್ ಮರೀಬೇಡಿ, ಇಲ್ಲಾಂದ್ರೆ ಹಳೇ ಒಲೆಯ ಆಕಾರಕ್ಕೇ ಬಿರುಕು ಬಿಡುತ್ತೆ. ಟಿವಿ ಬ್ರಾಕೆಟ್ ಅಲ್ಲೇ ಬರೋದಾದ್ರೆ ಬೋರ್ಡ್ ಹಿಂದೆ ಅಡ್ಡಪಟ್ಟಿ ಮೊದಲೇ ಹೊಡೆದಿಡಿ. ಅಕ್ಕಪಕ್ಕದ ಮಸಿ ಹತ್ತಿದ ಇಟ್ಟಿಗೆಗೆ ಜಿಪ್ಸಮ್ ಬದಲು ಸುಣ್ಣದ ಪ್ಲಾಸ್ಟರ್ ಮಾಡಿ, ಖರ್ಚು ಜಾಸ್ತಿ, ಒಣಗೋದೂ ನಿಧಾನ, ಆದ್ರೂ ಅದೇ ಸರಿ.

ಹಾಸು ಇದ್ದ ಕಡೆ ಮರದ ನೆಲ ಇರಲ್ಲ, ಕಾಂಕ್ರೀಟ್ ಇರುತ್ತೆ, ಕಾರ್ಪೆಟ್ ಹಾಕೋದಾದ್ರೆ ಲೆವೆಲಿಂಗ್ ಕಾಂಪೌಂಡ್ ಸಾಕು. ಹಳೇ ಎತ್ತರದ ಸ್ಕರ್ಟಿಂಗ್ ಅಂಗಡೀಲಿ ಸಿಗದಿದ್ರೆ ಒಂದು ತುಂಡು ತಗೊಂಡು ಮರದ ಅಡ್ಡೆಗೆ ಹೋಗಿ, ಅದೇ ಡಿಸೈನಲ್ಲಿ ಮಾಡ್ಕೊಡ್ತಾರೆ. ಸ್ಕಿಮ್ ಪೂರ್ತಿ ತಿಳಿ ಬಣ್ಣಕ್ಕೆ ಬಂದ್ಮೇಲೆ ನೀರು ಬೆರೆಸಿದ ಎಮಲ್ಷನ್ ಒಂದು ಕೋಟು, ಆಮೇಲೆ ಮಾಮೂಲಿ ಪೇಂಟು. ಟಿವಿ ಯೂನಿಟ್ಟನ್ನ ಗೋಡೆಗೆ ಒತ್ತಿ ಇಡ್ಬೇಡಿ, ಗ್ರಿಲ್ ಮುಚ್ಚಿಹೋಗುತ್ತೆ.