ಮುಕ್ತವಾಗಿ ಕೊಟ್ಟದ್ದನ್ನು ಕಾಯುವವರು ಯಾರು?

ಪ್ರಶ್ನೆ: ನಾನು ತೆಗೆದ ಛಾಯಾಚಿತ್ರಗಳನ್ನೂ ಬರೆದ ಲೇಖನಗಳನ್ನೂ ಅಂತರ್ಜಾಲದಲ್ಲಿ ಎಲ್ಲರ ಬಳಕೆಗೆ ಬಿಟ್ಟುಕೊಡಬೇಕೆಂದಿದ್ದೇನೆ. ಹಾಗೆ ಮಾಡಿದರೆ ಅವುಗಳ ಮೇಲಿನ ನನ್ನ ಹಕ್ಕು ಪೂರ್ತಿಯಾಗಿ ಹೋಗಿಬಿಡುತ್ತದೆಯೇ? ಯಾರಾದರೂ ಅವುಗಳಿಂದ ಹಣ ಮಾಡಿಕೊಂಡರೆ ಏನು ಮಾಡುವುದು?

ಉತ್ತರ: ಹಕ್ಕು ಹೋಗುವುದಿಲ್ಲ. ಕ್ರಿಯೇಟಿವ್ ಕಾಮನ್ಸ್ ಸಂಸ್ಥೆ 2002ರಲ್ಲಿ ಮೊದಲ ಬಾರಿಗೆ ಹೊರತಂದ ಪರವಾನಗಿಗಳು ನಿಂತಿರುವುದೇ ಕೃತಿಸ್ವಾಮ್ಯದ ತಳಹದಿಯ ಮೇಲೆ. ಕೃತಿಯ ಒಡೆಯರಾಗಿ ಉಳಿದುಕೊಂಡೇ, ಯಾವ ಷರತ್ತಿನ ಮೇಲೆ ಇತರರು ಅದನ್ನು ಬಳಸಬಹುದು ಎಂದು ನೀವು ಮೊದಲೇ ತಿಳಿಸುತ್ತೀರಿ. ಇಂದು ಬಳಕೆಯಲ್ಲಿರುವ ಆರು ಮುಖ್ಯ ಪರವಾನಗಿಗಳಲ್ಲಿಯೂ ಕರ್ತೃವಿನ ಹೆಸರನ್ನು ನಮೂದಿಸಬೇಕೆಂಬ ಷರತ್ತು ಇದೆ. ಹಕ್ಕುಗಳನ್ನೆಲ್ಲ ಬಿಟ್ಟುಕೊಡಲು ಬಯಸುವವರಿಗೆ ಸಿಸಿ ಝೀರೋ ಎಂಬ ಬೇರೆಯದೇ ಪತ್ರವಿದೆ.

ಹಣದ ವಿಷಯದಲ್ಲಿ ನನ್ನ ಅಭಿಪ್ರಾಯವನ್ನು ಸ್ಪಷ್ಟವಾಗಿಯೇ ಹೇಳುತ್ತೇನೆ. ವಾಣಿಜ್ಯ ಬಳಕೆಯನ್ನು ನಿಷೇಧಿಸುವ ಪರವಾನಗಿ ಮೇಲ್ನೋಟಕ್ಕೆ ಸುರಕ್ಷಿತವೆನಿಸಿದರೂ, ಅದನ್ನು ಆರಿಸಿಕೊಂಡರೆ ನಿಮ್ಮ ಚಿತ್ರವನ್ನು ವಿಕಿಪೀಡಿಯದ ಬಳಗದ ಚಿತ್ರಕೋಶವಾದ ವಿಕಿಮೀಡಿಯ ಕಾಮನ್ಸ್ ಸ್ವೀಕರಿಸುವುದಿಲ್ಲ. ಸಣ್ಣ ಪ್ರಕಾಶಕರೊಬ್ಬರು ತಮ್ಮ ಪಠ್ಯಪುಸ್ತಕದಲ್ಲಿ ಅದನ್ನು ಬಳಸುವಂತೆಯೂ ಇರುವುದಿಲ್ಲ. ಇದಕ್ಕಿಂತ, ಕೃತಿಯನ್ನು ಮಾರ್ಪಡಿಸಿ ಹಂಚುವವರು ಹೊಸ ರೂಪವನ್ನೂ ಅದೇ ಷರತ್ತಿನ ಮೇಲೆ ಹಂಚಬೇಕೆಂದು ವಿಧಿಸುವ ಪರವಾನಗಿ ಮೇಲು ಎಂಬುದು ನನ್ನ ನಿಲುವು. ರಿಚರ್ಡ್ ಸ್ಟಾಲ್ಮನ್ 1989ರಲ್ಲಿ ಮುಕ್ತ ತಂತ್ರಾಂಶಕ್ಕಾಗಿ, ಅಂದರೆ ಯಾರು ಬೇಕಾದರೂ ಬಳಸಿ, ಮಾರ್ಪಡಿಸಿ, ಹಂಚಬಹುದಾದ ತಂತ್ರಾಂಶಕ್ಕಾಗಿ, ರೂಪಿಸಿದ ಜಿಪಿಎಲ್ ಪರವಾನಗಿಯ ಜೀವಾಳವೂ ಇಂಥದೇ ಷರತ್ತು. ಒಂದು ಎಚ್ಚರಿಕೆ: ಒಮ್ಮೆ ಕೊಟ್ಟ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯನ್ನು, ಷರತ್ತುಗಳನ್ನು ಪಾಲಿಸುತ್ತಿರುವವರಿಂದ ಹಿಂದಕ್ಕೆ ಪಡೆಯಲು ಬರುವುದಿಲ್ಲ. ಆದ್ದರಿಂದ ನಿಮ್ಮ ಚಿತ್ರಗಳಲ್ಲಿ ಇತರರ ಮುಖಗಳಿದ್ದರೆ ಅವರ ಒಪ್ಪಿಗೆಯನ್ನು ಕೇಳಿ, ಯೋಚಿಸಿ ಮುಂದುವರಿಯಿರಿ.

ಪ್ರಶ್ನೆ: ಎಲ್ಲರಿಗೂ ಸೇರಿದ ಆಸ್ತಿ ಕೊನೆಗೆ ಹಾಳಾಗುತ್ತದೆ ಎಂದು ಅರ್ಥಶಾಸ್ತ್ರದ ತರಗತಿಯಲ್ಲಿ ಕಲಿತಿದ್ದೇನೆ. ಹಾಗಿದ್ದರೆ ಮುಕ್ತ ತಂತ್ರಾಂಶ, ಮುಕ್ತ ಜ್ಞಾನ ಇವೆಲ್ಲ ಎಷ್ಟು ದಿನ ಉಳಿದಾವು? ಇವುಗಳ ಖರ್ಚನ್ನು ಭರಿಸುವವರು ಯಾರು?

ಉತ್ತರ: ನೀವು ಕಲಿತದ್ದು ಅಮೆರಿಕದ ಪರಿಸರ ವಿಜ್ಞಾನಿ ಗ್ಯಾರೆಟ್ ಹಾರ್ಡಿನ್ 1968ರಲ್ಲಿ ಪ್ರಕಟಿಸಿದ ಪ್ರಬಂಧದ ವಾದವಿರಬೇಕು. ಹುಲ್ಲುಗಾವಲು ಎಲ್ಲರಿಗೂ ತೆರೆದಿದ್ದರೆ ಪ್ರತಿಯೊಬ್ಬನೂ ತನ್ನ ಲಾಭಕ್ಕಾಗಿ ಇನ್ನೊಂದು ದನವನ್ನು ಬಿಡುತ್ತಾನೆ, ಕೊನೆಗೆ ಹುಲ್ಲೇ ಉಳಿಯುವುದಿಲ್ಲ ಎಂಬುದು ಅದರ ಸಾರ. ಆದರೆ ಅಲ್ಲಿ ಕಲ್ಪಿಸಿಕೊಂಡ ಗಾವಲಿಗೆ ನಿಯಮಗಳೂ ಇಲ್ಲ, ಒಬ್ಬರೊಡನೊಬ್ಬರು ಕುಳಿತು ಮಾತನಾಡುವ ಜನರೂ ಇಲ್ಲ. ಅಮೆರಿಕದ ರಾಜ್ಯಶಾಸ್ತ್ರಜ್ಞೆ ಎಲಿನರ್ ಆಸ್ಟ್ರಮ್ ನಿಜವಾದ ಗಾವಲುಗಳನ್ನು, ಕಾಡುಗಳನ್ನು, ನೀರಾವರಿ ಕಾಲುವೆಗಳನ್ನು ಪರಿಶೀಲಿಸಿ, ಜನರು ತಾವೇ ರೂಪಿಸಿಕೊಂಡ ಕಟ್ಟುಪಾಡುಗಳಿಂದ ಅವುಗಳನ್ನು ಶತಮಾನಗಳ ಕಾಲ ಉಳಿಸಿಕೊಂಡಿರುವುದನ್ನು ತೋರಿಸಿದರು. ಸ್ವಿಟ್ಜರ್ಲೆಂಡಿನ ಟೋರ್ಬೆಲ್ ಎಂಬ ಹಳ್ಳಿಯಲ್ಲಿ, ಚಳಿಗಾಲದಲ್ಲಿ ತನ್ನ ಸ್ವಂತ ಮೇವಿನಿಂದ ಸಾಕಬಲ್ಲಷ್ಟು ಹಸುಗಳನ್ನು ಮಾತ್ರ ಬೇಸಿಗೆಯ ಗಾವಲಿಗೆ ಕಳುಹಿಸಬೇಕೆಂಬ ನಿಯಮ 1517ರಷ್ಟು ಹಿಂದಿನದು. ಈ ಅಧ್ಯಯನಗಳಿಗಾಗಿ ಆಸ್ಟ್ರಮ್ ಅವರಿಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಸ್ಮಾರಕ ಪ್ರಶಸ್ತಿ ಸಂದಿತು. ಆ ಪ್ರಶಸ್ತಿಯನ್ನು ಪಡೆದ ಮೊದಲ ಮಹಿಳೆ ಅವರೇ.

ತಂತ್ರಾಂಶವಾಗಲಿ ಜ್ಞಾನವಾಗಲಿ ಹುಲ್ಲಿನಂತೆ ಮೇದು ಮುಗಿಯುವ ವಸ್ತುವಲ್ಲ. ಸಾವಿರ ಜನ ನಕಲು ಮಾಡಿಕೊಂಡರೂ ಮೂಲ ಸವೆಯುವುದಿಲ್ಲ. ಸವೆಯುವುದು ಅದನ್ನು ನೋಡಿಕೊಳ್ಳುವವರ ಸಮಯ ಮತ್ತು ಶಕ್ತಿ. ಇದು ಜಗತ್ತಿಗೆ ಅರಿವಾದದ್ದು 2014ರಲ್ಲಿ. ಜಾಲತಾಣಕ್ಕೂ ಬಳಕೆದಾರರಿಗೂ ನಡುವೆ ಸಾಗುವ ಮಾಹಿತಿಯನ್ನು ಗುಪ್ತಲಿಪಿಯಾಗಿಸಿ ಕಾಪಾಡುವ ಓಪನ್‌ಎಸ್‌ಎಸ್‌ಎಲ್ ಎಂಬ ಮುಕ್ತ ತಂತ್ರಾಂಶದಲ್ಲಿ, ಹಾರ್ಟ್‌ಬ್ಲೀಡ್ ಎಂದು ಹೆಸರಾದ ಗಂಭೀರ ದೋಷ ಆಗ ಬೆಳಕಿಗೆ ಬಂತು. ಅಂತರ್ಜಾಲದ ಬಹುಪಾಲು ವಹಿವಾಟಿಗೆ ಆಧಾರವಾಗಿದ್ದ ಆ ಯೋಜನೆಗೆ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್. ಅದನ್ನು ಬೆರಳೆಣಿಕೆಯಷ್ಟು ಜನ ನಿಭಾಯಿಸುತ್ತಿದ್ದರು. ಅದರ ಮೇಲೆ ವ್ಯಾಪಾರ ಕಟ್ಟಿಕೊಂಡಿದ್ದ ದೊಡ್ಡ ಕಂಪನಿಗಳು, ಅಪಾಯ ಎದುರಾದ ಬಳಿಕವೇ, ಮುಕ್ತ ತಂತ್ರಾಂಶವನ್ನು ಪೋಷಿಸುವ ಲಿನಕ್ಸ್ ಫೌಂಡೇಶನ್ ಎಂಬ ಸಂಸ್ಥೆಯ ಮೂಲಕ ಒಟ್ಟಾಗಿ ಹಣ ಕೊಡಲು ಮುಂದಾದವು.

ಆದ್ದರಿಂದ ಖರ್ಚಿನ ಬಗೆಗಿನ ನಿಮ್ಮ ಪ್ರಶ್ನೆ ತೀರ ನ್ಯಾಯವಾದದ್ದು. ಎಲ್ಲರೂ ಬಳಸುವುದರ ಪಾಲನೆಯನ್ನು ಕೆಲವರ ಬಿಡುವಿನ ವೇಳೆಗೆ ಬಿಟ್ಟುಬಿಡುವುದು ಆ ಕೆಲವರಿಗೆ ಮಾಡುವ ಅನ್ಯಾಯವೆಂದೇ ನಾನು ತಿಳಿಯುತ್ತೇನೆ. ಹೆಚ್ಚು ಲಾಭ ಪಡೆಯುವ ಕಂಪನಿಗಳ ನಿಯತ ವಂತಿಗೆ, ಸರ್ಕಾರಗಳ ಅನುದಾನ, ಓದುಗರ ಸಣ್ಣ ದೇಣಿಗೆಗಳಿಂದ ವಿಕಿಪೀಡಿಯ ನಡೆಯುತ್ತಿರುವ ಬಗೆ, ಕೆಲಸಗಾರರೇ ಒಡೆಯರಾಗಿರುವ ಸಹಕಾರ ಸಂಘಗಳು, ಹೀಗೆ ದಾರಿಗಳು ಹಲವಿವೆ. ಇವುಗಳಲ್ಲಿ ನನಗೆ ಹೆಚ್ಚು ಭರವಸೆ ಇರುವುದು ಸಹಕಾರದ ದಾರಿಯಲ್ಲಿ. ಹಣ ಎಲ್ಲಿಗೆ ಹೋಗಬೇಕೆಂಬ ತೀರ್ಮಾನವೂ ಅಲ್ಲಿ ದುಡಿಯುವವರ ಕೈಯಲ್ಲಿಯೇ ಇರುತ್ತದೆ. ಬಾಧಿತರಾಗುವವರೇ ನಿಯಮಗಳನ್ನು ಬದಲಿಸುವ ಮಾತುಕತೆಯಲ್ಲಿ ಪಾಲ್ಗೊಳ್ಳಬೇಕೆಂಬುದು ಆಸ್ಟ್ರಮ್ ಗುರುತಿಸಿದ ಎಂಟು ಸೂತ್ರಗಳಲ್ಲಿ ಒಂದು.

ಪ್ರಶ್ನೆ: ಹಣ ಕೊಟ್ಟು ಕೊಂಡ ಇ-ಪುಸ್ತಕವನ್ನು ಮಾರಿದವರೇ ನಮ್ಮ ಸಾಧನದಿಂದ ಅಳಿಸಿಹಾಕಬಲ್ಲರೇ?

ಉತ್ತರ: ಅಳಿಸಬಲ್ಲರು, ಅಳಿಸಿದ್ದೂ ಇದೆ. 2009ರಲ್ಲಿ ಅಮೆಜಾನ್ ಕಂಪನಿ, ಹಕ್ಕಿಲ್ಲದ ಪ್ರಕಾಶಕರಿಂದ ಬಂದವೆಂಬ ಕಾರಣಕ್ಕೆ, ಜಾರ್ಜ್ ಆರ್ವೆಲ್ ಅವರ ಕೃತಿಗಳ ಪ್ರತಿಗಳನ್ನು ಕೊಂಡವರ ಕಿಂಡಲ್ ಎಂಬ ಇ-ಪುಸ್ತಕ ಓದುವ ಸಾಧನಗಳಿಂದ ದೂರದಿಂದಲೇ ತೆಗೆದುಹಾಕಿ ಹಣ ಹಿಂದಿರುಗಿಸಿತು. ಬಳಿಕ ಕ್ಷಮೆಯನ್ನೂ ಕೇಳಿತು. ಬಹುತೇಕ ಇ-ಪುಸ್ತಕ ಮಳಿಗೆಗಳಲ್ಲಿ ನಾವು ಪಡೆಯುವುದು ಓದುವ ಪರವಾನಗಿಯನ್ನು ಮಾತ್ರ. ಕಡತಕ್ಕೆ ಹಾಕಿರುವ ಡಿಜಿಟಲ್ ಬೀಗವನ್ನು ಮುರಿಯುವುದು ಹಲವು ದೇಶಗಳಲ್ಲಿ ಕಾನೂನಿಗೆ ವಿರುದ್ಧ. ಅಮೆರಿಕದ 1998ರ ಕಾಯಿದೆ ಇದಕ್ಕೆ ಪ್ರಸಿದ್ಧ ಉದಾಹರಣೆ. ಹೀಗಾಗಿ ಬೀಗವಿಲ್ಲದ ಕಡತವನ್ನು ಮಾರುವ ಪ್ರಕಾಶಕರಿದ್ದರೆ ಅವರಿಂದಲೇ ಕೊಳ್ಳಿರಿ, ಮತ್ತು ಅದರ ಒಂದು ಪ್ರತಿಯನ್ನು ಕಂಪನಿಯ ಖಾತೆಗೆ ಹೊರತಾದ ನಿಮ್ಮದೇ ಸಂಗ್ರಹದಲ್ಲಿ ಇಟ್ಟುಕೊಳ್ಳಿರಿ. ಮಳಿಗೆಯ ಷರತ್ತುಗಳಲ್ಲಿ, ಖಾತೆ ಮುಚ್ಚಿದರೆ ಕೊಂಡ ಪುಸ್ತಕಗಳ ಗತಿಯೇನು ಎಂಬ ಭಾಗವನ್ನು ಕೊಳ್ಳುವ ಮೊದಲೇ ಓದಿರಿ.