ಪ್ರತಿ: ಮೊದಲ ತ್ರೀ-ಗನ್ (ರೈಫಲ್, ಪಿಸ್ತೂಲು, ಶಾಟ್‌ಗನ್ ಮೂರನ್ನೂ ಬಳಸುವ) ಪಂದ್ಯ, ಶಾಟ್‌ಗನ್ ಸಿಕ್ಕಿಕೊಳ್ಳುತ್ತಿದೆ, ಹೊಸದು ಕೊಳ್ಳಬೇಕಾ?

ತೊಂದರೆ ಬಹುಶಃ ತೋಟಾದ್ದು, ಗನ್ನಿನದಲ್ಲ. ನಿಮ್ಮ ಬೆನೆಲಿ ಎಂ2 ಶಾಟ್‌ಗನ್ ಒದೆತದ ಬಲದಿಂದಲೇ ಬೋಲ್ಟ್ (ಖಾಲಿ ಕೇಸ್ ಹೊರಹಾಕಿ ಹೊಸ ತೋಟಾ ತುಂಬುವ ಭಾಗ) ಓಡಿಸುತ್ತದೆ. ಒಂದು ಔನ್ಸ್ ಚೂರುಗುಂಡಿನ ಅಗ್ಗದ ತೋಟಾಗೆ ಹಲವು ಸಲ ಅಷ್ಟು ಒದೆತ ಇರುವುದಿಲ್ಲ. ಖಾಲಿ ಕೇಸ್ ಅರ್ಧಕ್ಕೇ ನಿಲ್ಲುತ್ತದೆ. ಅದು ಸಾಲದೆಂದು ಗನ್ನಿನ ಪಕ್ಕಕ್ಕೆ ಹೆಚ್ಚುವರಿ ತೋಟಾ ಇಡುವ ಪಟ್ಟಿ ಬೇರೆ ಜೋಡಿಸಿದ್ದೀರಿ. ಗನ್ ಭಾರವಾದಷ್ಟೂ ಒದೆತ ಕಡಿಮೆ.

ಮೊದಲು ಆ ಪಟ್ಟಿ ತೆಗೆಯಿರಿ. ಆಮೇಲೆ 1⅛ ಔನ್ಸಿನ, ಸೆಕೆಂಡಿಗೆ 1200 ಅಡಿ ಅಥವಾ ಜಾಸ್ತಿ ವೇಗದ ಬರ್ಡ್‌ಶಾಟ್ (ಸಣ್ಣ ಚೂರುಗುಂಡಿನ ತೋಟಾ) ಒಂದು ಡಬ್ಬಿ ಹೊಡೆದು ನೋಡಿ. ಹೆಗಲಿಗೆ ಬಿಗಿಯಾಗಿ ಒತ್ತಿ ಹಿಡಿಯಿರಿ, ಸಡಿಲ ಹಿಡಿದರೂ ಹೀಗೇ ಆಗುತ್ತದೆ. ಆಗಲೂ ಸಿಕ್ಕಿಕೊಂಡರೆ ಗನ್ ಪೂರ್ತಿ ಖಾಲಿ ಮಾಡಿ, ಬೋಲ್ಟ್ ಒರೆಸಿ ಎಣ್ಣೆ ಹಾಕಿ. ಅದಕ್ಕೂ ಬಗ್ಗದಿದ್ದರೆ ಖಾಲಿ ಕೇಸ್ ಹಿಡಿದೆಳೆಯುವ ಕೊಕ್ಕೆ, ಅಂದರೆ ಎಕ್ಸ್‌ಟ್ರಾಕ್ಟರ್, ಕೆಟ್ಟಿರಬಹುದು. ದೂರದಿಂದ ಖಚಿತ ಹೇಳಲಾರೆ, ಗನ್‌ಸ್ಮಿತ್‌ಗೆ (ಬಂದೂಕು ರಿಪೇರಿಯವರಿಗೆ) ತೋರಿಸಿ.

ಉಳಿದ ಸಾಮಾನಿಗೆ ಸುಮ್ನೆ ದುಡ್ಡು ಸುರಿಯಬೇಡಿ. ಗಟ್ಟಿ ಬೆಲ್ಟ್, ಪಿಸ್ತೂಲಿಗೆ ಟ್ರಿಗರ್ ಮುಚ್ಚುವ ಹೋಲ್‌ಸ್ಟರ್ (ಒರೆ), ಉದ್ದ ಗನ್ನುಗಳಿಗೆ ಚೇಂಬರ್ ಫ್ಲ್ಯಾಗ್ (ಗನ್ ಖಾಲಿ ಎಂದು ತೋರಿಸುವ ಸಣ್ಣ ಬಾವುಟ), ಕಣ್ಣು ಕಿವಿಗೆ ರಕ್ಷಣೆ ಸಾಕು. ರೈಫಲ್ ಗುಂಡಿನ ತುದಿಗೆ ಮಾತ್ರ ಅಯಸ್ಕಾಂತ ಹಿಡಿದು ನೋಡಿ. ಅಂಟಿದರೆ ಮನೆಯಲ್ಲೇ ಬಿಡಿ, ಉಕ್ಕಿನ ಗುರಿಗಳು ಹಾಳಾಗುತ್ತವೆಂದು ಬಹಳ ಕಡೆ ಬಿಡುವುದಿಲ್ಲ. ಹೊಸಬ ಅಂತ ಮ್ಯಾಚ್ ಡೈರೆಕ್ಟರ್‌ಗೆ (ಪಂದ್ಯ ನಡೆಸುವವರಿಗೆ) ಈಗಲೇ ತಿಳಿಸಿ, ಅಲ್ಲಿನ ನಿಯಮ ಕೇಳಿಕೊಳ್ಳಿ.