ಸಿಂಧನೂರು ಹತ್ತಿರದ ಎರೆಹೊಲದಲ್ಲಿ ಸಿಕ್ಕ ಎಲುಬಿನಂಥ ಕಲ್ಲು ಆರಂಭಿಕ ಟ್ರಯಾಸಿಕ್ ಸರೀಸೃಪದ್ದಾ? ಫೆವಿಕಾಲ್ ಹಚ್ಚಿ ತೆಗೆಯಬಹುದಾ?

ಹೊಲದಲ್ಲಿ ಸಿಕ್ಕ ಕಲ್ಲನ್ನು ನೆಕ್ಕಿದರೆ ನಾಲಿಗೆಗೆ ಅಂಟಿತು, ಹಾಗಾಗಿ ಎಲುಬೇ ಇರಬೇಕು ಅಂತ ಬರೆದಿದ್ದೀರಲ್ಲ, ನಾನೂ ಜಾರಿಬಿದ್ದದ್ದು ಅಲ್ಲೇ. ಇಂಥದೇ ಕಾಲುವೆ ಬದಿಯ ಎರೆಹೊಲ, ಇಂಥವೇ ಬೆರಳುದ್ದದ ಬಿಳಿ ತುಂಡು. ಎರಡೂ ತುದಿ ಉಬ್ಬು, ನಡು ಸಣ್ಣ, ಒಳಗೆ ತೂತು. ತೂತು ಕಂಡದ್ದೇ ಮಜ್ಜೆಯ ಜಾಗ ಅಂದುಕೊಂಡೆ. ಅರ್ಧ ಚೀಲ ತುಂಬಿಕೊಂಡು ಹೈದರಾಬಾದಿನ ಬಸ್ಸು ಹತ್ತಿದೆ. ಅಲ್ಲಿ ನೋಡಿದವರು ಒಂದನ್ನು ಒಡೆದು ಕೈಗಿಟ್ಟರು: ಸುಣ್ಣದ ಗಂಟು.

ನಾಲಿಗೆಯನ್ನು ಹಿಡಿಯುವುದು ಎಲುಬಲ್ಲ, ಸಣ್ಣ ರಂಧ್ರ. ಒಣ ರಂಧ್ರ ನಾಲಿಗೆಯ ತೇವ ಹೀರುತ್ತದೆ, ಅದಕ್ಕೇ ಕಚ್ಚಿಕೊಂಡ ಹಾಗಾಗುತ್ತದೆ. ಹೊಸ ಮಡಕೆಯ ಚೂರೂ ಹಿಡಿಯುತ್ತದೆ, ಒಣ ಜೇಡಿಯೂ ಹಿಡಿಯುತ್ತದೆ. ಅದೇ ರಂಧ್ರಗಳಲ್ಲಿ ಖನಿಜ ತುಂಬಿಕೊಂಡಿದ್ದರೆ ಅಪ್ಪಟ ಪಳೆಯುಳಿಕೆಯೇ ಹಿಡಿಯುವುದಿಲ್ಲ. ಲಿಂಬೆಹುಳಿ ಬಿಟ್ಟು ನೊರೆ ನೋಡುವುದೂ ಅಷ್ಟೇ: ಸುಣ್ಣದ ಗಂಟು ನೊರೆ ಬಿಡುತ್ತದೆ, ಕ್ಯಾಲ್ಸೈಟ್ ಎಂಬ ಸುಣ್ಣದ ಖನಿಜ ತುಂಬಿದ ಎಲುಬೂ ಬಿಡುತ್ತದೆ. (ಔಷಧಿ ಹೊಡೆದ ಹೊಲದ ಕಲ್ಲು ನೆಕ್ಕಬೇಡ್ರಿ, ಮಾರಾಯ್ರೇ.)

ಎಲುಬಿನ ಆಕಾರ ಎಲ್ಲಿಂದ ಬಂತು ಅಂದರೆ, ಮಳೆ ನೀರಲ್ಲಿ ಕರಗಿದ ಸುಣ್ಣ ಕೆಳಗಿಳಿದು, ಮಣ್ಣು ಒಣಗುವಾಗ ಬೇರಿನ ಸುತ್ತ ಗಟ್ಟಿಯಾಗುತ್ತದೆ. ಬೇರು ಕೊಳೆತು ಹೋದ ಮೇಲೆ ನಡುವೆ ತೂತು ಉಳಿಯುತ್ತದೆ. ನನ್ನ ‘ಮಜ್ಜೆ’ ಅದೇ.

ನಂಬಬೇಕಾದದ್ದು ಒಡೆದ ಮುಖ. ಒಳ್ಳೆಯ ತುಂಡಿಗೆ ಸುತ್ತಿಗೆ ಹಾಕಬೇಡಿ, ಮೊದಲೇ ಮುರಿದದ್ದನ್ನು ಆರಿಸಿ. ಮುರಿದ ಮುಖ ಒದ್ದೆ ಮಾಡಿ, ಸ್ವಲ್ಪ ಆರಲು ಬಿಟ್ಟು, ಓರೆ ಬಿಸಿಲಲ್ಲಿ 10 ಪಟ್ಟಿನ ಮಸೂರದಿಂದ ನೋಡಿ. ಎಲುಬಾದರೆ ಹೊರಗೆ ದಟ್ಟ ಅಂಚು, ಒಳಗೆ ಜೇನುಗೂಡು. ಗಂಟಾದರೆ ಸೀಮೆಸುಣ್ಣದಂಥ ಪುಡಿ, ಅದರಲ್ಲಿ ಸಿಕ್ಕಿಕೊಂಡ ಮರಳ ಹರಳು.

ಇನ್ನು ಟ್ರಯಾಸಿಕ್ ಎಂಬ ಭೂ-ಇತಿಹಾಸದ ಕಾಲಘಟ್ಟದ ವಿಷಯ. ರಾಯಚೂರು, ಕೊಪ್ಪಳ, ಬಳ್ಳಾರಿಯಲ್ಲಿ ಆ ಕಾಲದ ಪದರವೇ ಇಲ್ಲ. ನಮ್ಮ ಗುಡ್ಡಗಳ ಕಣಶಿಲೆ (ಗ್ರಾನೈಟ್), ಸಂಡೂರಿನ ಕಬ್ಬಿಣದ ಕಲ್ಲು 250 ಕೋಟಿ ವರ್ಷಕ್ಕೂ ಹಳೆಯವು. ಆರಂಭಿಕ ಟ್ರಯಾಸಿಕ್ ಸುಮಾರು 25 ಕೋಟಿ ವರ್ಷದ್ದು. ಅಜ್ಜನ ಮದುವೆಯ ಫೋಟೋದಲ್ಲಿ ಮೊಮ್ಮಗನನ್ನು ಹುಡುಕಿದ ಹಾಗೆ. ಅಂಥ ಪದರ ನೋಡಬೇಕಾದರೆ ಪಶ್ಚಿಮ ಬಂಗಾಳದ ದಾಮೋದರ ಕಣಿವೆಗೆ, ರಾಣಿಗಂಜ್ ಕಡೆಯ ಪಂಚೇತ್ ಶಿಲೆಗಳಿಗೆ ಹೋಗಿ. ಅಲ್ಲಿ ಸಿಕ್ಕ ಹಲ್ಲು ನೋಡಿ ಅದರ ಸರೀಸೃಪಕ್ಕೆ ಇಂಗ್ಲೆಂಡಿನ ಜೀವವಿಜ್ಞಾನಿ ಹಕ್ಸ್‌ಲಿ 1865ರಲ್ಲೇ ಆಂಕಿಸ್ಟ್ರೋಡಾನ್ ಅಂತ ಹೆಸರಿಟ್ಟ. 2023ರಲ್ಲಿ ಅಲ್ಲಿಯದೇ ಇನ್ನೊಂದು ಸರೀಸೃಪಕ್ಕೆ ಸಂಸಾರಸೂಕಸ್ ಎಂಬ ಹೆಸರು ಬಂತು. ಅಲ್ಲಿಯ ಪ್ರಸಿದ್ಧ ಪ್ರಾಣಿ ಲಿಸ್ಟ್ರೋಸಾರಸ್ ಮಾತ್ರ ಸರೀಸೃಪವಲ್ಲ, ಸಸ್ತನಿಗಳ ಕವಲಿನದು. ನಮಗೆ ಹತ್ತಿರದ್ದು ತೆಲಂಗಾಣದ ಯೆರ್ರಪಲ್ಲಿ ಪದರ, ಆದರೆ ಅದು ಮಧ್ಯ ಟ್ರಯಾಸಿಕ್.

ಪುಡಿಯಾಗುವ ಎಲುಬನ್ನು ಗಟ್ಟಿ ಮಾಡಿ ತೆಗೆಯಲು ಫೆವಿಕಾಲ್ ಬೇಡ. ಅದು ನೀರು ಬೆರೆತ ಅಂಟು. ಎಲುಬಿನ ಸುತ್ತಲ ಜೇಡಿ ನೀರು ಕುಡಿದು ಉಬ್ಬಿದರೆ ಬಿರುಕು ದೊಡ್ಡದಾಗುತ್ತದೆ. ಬಲ್ಲವರು ಪ್ಯಾರಲಾಯ್ಡ್ ಬಿ-72 ಎಂಬ ಅಕ್ರಿಲಿಕ್ ರಾಳದ ಹರಳನ್ನು 100 ಮಿ.ಲೀ. ಅಸಿಟೋನ್ ದ್ರಾವಕಕ್ಕೆ 5 ಗ್ರಾಂನಷ್ಟು ಕರಗಿಸಿ ತೆಳ್ಳಗೆ ಹನಿಸುತ್ತಾರೆ. ಮೊದಲೇ ದಪ್ಪ ಮಾಡಿದರೆ ಮೇಲ್ಮೈ ಮಾತ್ರ ಗಟ್ಟಿ, ಒಳಗೆ ಪುಡಿ. ಮುಂದೆ ಬೇಕಾದರೆ ಅಸಿಟೋನಿನಿಂದಲೇ ಬಿಡಿಸಬಹುದು. ನಿಮ್ಮ ಕಲ್ಲಿಗೆ ಅದರ ಗರಜೇ ಇಲ್ಲ ಅನ್ನಿಸುತ್ತದೆ.

ಮಸೂರದಲ್ಲಿ ಜೇನುಗೂಡು ಕಂಡೇಬಿಟ್ಟರೆ, ಸುತ್ತ ಬೂದಿ, ಮಡಕೆ ಚೂರು ಇದೆಯಾ ನೋಡಿ. ಬಳ್ಳಾರಿ ಹತ್ತಿರದ ಕುಡತಿನಿಯ ಬೂದಿದಿಬ್ಬದಂಥ ನವಶಿಲಾಯುಗದ ಜಾಗಗಳಲ್ಲಿ ಹೆಚ್ಚಾಗಿ ಸಿಗುವುದು ದನದ ಎಲುಬು. ಕೀಳದೆ, ಪಕ್ಕ ಒಂದು ನಾಣ್ಯ ಇಟ್ಟು ಫೋಟೋ ತೆಗೆದು, ಮೊಬೈಲಿನ ಲೊಕೇಶನ್ ಸಮೇತ ಪುರಾತತ್ವ ಇಲಾಖೆಗೆ ತಿಳಿಸಿ.